ಸೇಲ್ಸ್ ಟ್ಯಾಕ್ಸ್ ಏರಿಸಲು ಎಷ್ಟು ಮತ ಬೇಕು? ಸಾಂತಾ ಕ್ಲಾರಾ ಕೌಂಟಿಯ ಮೆಷರ್ ಎ ಬಗ್ಗೆ ಒಂದು ಪ್ರಶ್ನೆ

ತುಂಗಾತೀರ, ಸನಿವೇಲ್

ಎಲ್ಲರಿಗೂ ನಮಸ್ಕಾರ. 2025ರ ನವೆಂಬರ್ ಚುನಾವಣೆಯ ಬ್ಯಾಲೆಟ್ (ಮತಪತ್ರ) ಮನೆಗೆ ಬಂದಿದೆ. ಇಡೀ ಕ್ಯಾಲಿಫೋರ್ನಿಯಾ ರಾಜ್ಯ ಮತ ಹಾಕುವ ಪ್ರಾಪ್ (ಪ್ರಾಪೊಸಿಷನ್) 50 ಇದೆ, ಆಸ್ತಿ ಬೆಲೆ ಲೆಕ್ಕ ಹಾಕುವ ಅಸೆಸರ್ ಹುದ್ದೆಗೆ ಚುನಾವಣೆ ಇದೆ, ಜೊತೆಗೆ ನಮ್ಮ ಕೌಂಟಿಯವರು (ಜಿಲ್ಲೆಯವರು) ಮಾತ್ರ ಮತ ಹಾಕುವ ಮೆಷರ್ ಎ. ಸೇಲ್ಸ್ ಟ್ಯಾಕ್ಸ್ ಶೇ. 0.625ರಷ್ಟು ಏರಿಸುವ ಪ್ರಸ್ತಾಪ, 5 ವರ್ಷಕ್ಕೆ. ವರ್ಷಕ್ಕೆ ಸುಮಾರು 33 ಕೋಟಿ ಡಾಲರ್ ಬರುತ್ತದಂತೆ. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕ್ಯಾಲ್‌ಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ದುಡ್ಡು ಕಡಿತವಾಗುವುದರಿಂದ ಕೌಂಟಿ ಆಸ್ಪತ್ರೆಗಳಿಗೆ ಬೇಕು ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಹೌದು ಹಾಕಬೇಕಾ ಇಲ್ಲ ಹಾಕಬೇಕಾ ಅಂತಲ್ಲ. ಇದು ಪಾಸಾಗಲು ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೆ ಸಾಕಂತೆ. ಆದರೆ 2016ರಲ್ಲಿ ವಿಟಿಎ (ಕೌಂಟಿಯ ಸಾರಿಗೆ ಸಂಸ್ಥೆ) ಬಸ್, ರೈಲು, ರಸ್ತೆಗೆ ಅಂತ ಡಾಲರಿಗೆ ಅರ್ಧ ಸೆಂಟ್, ಅಂದರೆ ಶೇ. 0.5 ತೆರಿಗೆ ಹಾಕಿದಾಗ ಮೂರನೇ ಎರಡರಷ್ಟು ಮತ ಬೇಕಿತ್ತು. ಅದೂ ಸೇಲ್ಸ್ ಟ್ಯಾಕ್ಸ್, ಇದೂ ಸೇಲ್ಸ್ ಟ್ಯಾಕ್ಸ್. ಕೌಂಟಿಯೂ ಅದೇ, ಅಂಗಡಿಯೂ ಅದೇ. ನಿಯಮ ಮಾತ್ರ ಯಾಕೆ ಬೇರೆ? ಮತ್ತೆ, ಬ್ಯಾಲೆಟ್‌ಗೆ ಹಾಕುವ ಮೊದಲು ಕೌಂಟಿ ನಡೆಸುವ ಚುನಾಯಿತ ಸೂಪರ್‌ವೈಸರ್‌ಗಳ ಬೋರ್ಡ್‌ನಲ್ಲಿ ಎಷ್ಟು ಜನ ಒಪ್ಪಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕಾಫಿಪುಡಿ, ಮಿಲ್ಪಿಟಾಸ್

ನಾನು ಹೌದು ಹಾಕಿ ಕಳಿಸಿಯೂ ಆಯಿತು. ಆಸ್ಪತ್ರೆ ಮುಚ್ಚಿದ ಮೇಲೆ ನಿಯಮ ಓದಿಕೊಂಡು ಏನು ಮಾಡುವುದು?

ಕರಾವಳಿ ಕಡಲು, ಕುಪರ್ಟಿನೋ

ನಿಯಮ ಓದದೆ ತೆರಿಗೆಗೆ ಒಪ್ಪಿಗೆ ಕೊಡುವುದು ಸರಿಯಲ್ಲ ಮಾರಾಯ್ರೇ. ಒಳ್ಳೆ ಪ್ರಶ್ನೆ ಕೇಳಿದ್ದಾರೆ. ಮೂರನೇ ಎರಡರಷ್ಟು ಅನ್ನುವ ಬೇಲಿ ಹಾಕಿದ್ದೇ ಜನರ ಜೇಬು ಕಾಯಲು. ಅದನ್ನು ದಾಟಲು ಒಂದು ಸಂದಿ ಹುಡುಕಿಕೊಂಡಿದ್ದಾರೆ, ಅಷ್ಟೇ.

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ತುಂಗಾತೀರ ಅವರೇ, ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1978ರ ಜೂನ್‌ನಲ್ಲಿ ಪ್ರಾಪ್ 13 ಪಾಸಾಯಿತು. ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಮುಂದೆ ನಿಂತು ತಂದದ್ದು. ಎಲ್ಲರಿಗೂ ಅದರ ಮನೆ ತೆರಿಗೆ ಭಾಗ ಗೊತ್ತು. ಮನೆ ಕೊಂಡ ಬೆಲೆಯ ಶೇ. 1, ಆಮೇಲೆ ವರ್ಷಕ್ಕೆ ಹೆಚ್ಚೆಂದರೆ ಶೇ. 2 ಏರಿಕೆ. ಆದರೆ ಮತದ ನಿಯಮವೂ ಅದರಲ್ಲೇ ಇದೆ. ರಾಜ್ಯ ತೆರಿಗೆ ಏರಿಸಬೇಕಾದರೆ ರಾಜಧಾನಿ ಸ್ಯಾಕ್ರಮೆಂಟೋದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಊರು, ಕೌಂಟಿಗಳು ವಿಶೇಷ ತೆರಿಗೆ ಹಾಕಬೇಕಾದರೆ ಮತದಾರರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು.

ವಿಶೇಷ ತೆರಿಗೆ ಅಂದರೆ ಯಾವುದು ಅನ್ನುವುದನ್ನು ಅಲ್ಲಿ ಬರೆದಿರಲಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಫ್ಯಾರೆಲ್ ಕೇಸಿನಲ್ಲಿ ಹೇಳಿತು: ಒಂದು ಗೊತ್ತಾದ ಕೆಲಸಕ್ಕೇ ಮೀಸಲಿಟ್ಟ ತೆರಿಗೆ ವಿಶೇಷ. ಖಜಾನೆಗೆ ಹೋಗಿ ಯಾವುದಕ್ಕೆ ಬೇಕಾದರೂ ಬಳಸಬಹುದಾದದ್ದು ಸಾಮಾನ್ಯ.

ನಿಮ್ಮ ಉತ್ತರ ಇಲ್ಲಿದೆ. 2016ರದ್ದು ವಿಟಿಎಗೇ ಮೀಸಲು. ಆದ್ದರಿಂದ ಮೂರನೇ ಎರಡು. ಈಗಿನ ಮೆಷರ್ ಎ ಕೌಂಟಿಯ ಸಾಮಾನ್ಯ ನಿಧಿಗೆ. ಆದ್ದರಿಂದ ಅರ್ಧ ದಾಟಿದರೆ ಸಾಕು.

ಬೋರ್ಡ್ ಬಗ್ಗೆ: ಕೌಂಟಿ ಸೇಲ್ಸ್ ಟ್ಯಾಕ್ಸ್ ಹಾಕಲು ಬೋರ್ಡಿನ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ನಮ್ಮಲ್ಲಿ 5 ಜನ. ಅಂದರೆ 4 ಮತ. ಮೂರು ಜನ ಸೇರಿ ಬಹುಮತದಿಂದ ಇದನ್ನು ಬ್ಯಾಲೆಟ್‌ಗೆ ಹಾಕಲು ಆಗುವುದಿಲ್ಲ.

ತುಂಗಾತೀರ, ಸನಿವೇಲ್

ಧನ್ಯವಾದ ಸರ್. ಹಾಗಾದರೆ ಆಸ್ಪತ್ರೆಗೆ ಅಂತ ಪೋಸ್ಟರ್ ಹಾಕುತ್ತಾರೆ, ಕಾನೂನಿನಲ್ಲಿ ಮಾತ್ರ ಆಸ್ಪತ್ರೆಗೇ ಕೊಡಬೇಕು ಅಂತ ಇಲ್ಲ. ಹೀಗೆ ತಾನೇ?

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ಹೌದು, ಹಾಗೇ. ಕೌಂಟಿ ಮಾತು ಕೊಟ್ಟಿದೆ. ಕಾನೂನು ಕಟ್ಟಿಹಾಕಿಲ್ಲ.

ಕರಾವಳಿ ಕಡಲು, ಕುಪರ್ಟಿನೋ

ನಾನು ಹೇಳಿದ್ದೂ ಇದನ್ನೇ. ದುಡ್ಡಿಗೆ ಬೀಗ ಹಾಕಿ ಕೊಡಿ ಅಂದರೆ ಮೂರನೇ ಎರಡು ಬೇಕಾಗುತ್ತದೆ. ಬೀಗ ಇಲ್ಲದೆ ಕೊಡಿ ಅಂದರೆ ಅರ್ಧ ಸಾಕು. ಇದು ತಲೆಕೆಳಗಾದ ನಿಯಮ ಅಲ್ವಾ? ಏನಕ್ಕೆ ಖರ್ಚು ಅಂತ ಗೊತ್ತಿಲ್ಲದ ತೆರಿಗೆಗೆ ಜಾಸ್ತಿ ಮತ ಬೇಕಾಗಬೇಕಿತ್ತು.

ಬಿಳಿ ಕೋಟು, ಸ್ಯಾನ್ ಹೋಸೆ

ನಾನು ಆಸ್ಪತ್ರೆ ಕೆಲಸದವಳು. ಎಲ್ಲಿ ಅಂತ ಬೇಡ. ಇಲ್ಲಿ ಸ್ವಲ್ಪ ನಿಜ ಸಂಗತಿ ಹೇಳಬೇಕು.

ಈ ಕೌಂಟಿ 2019ರಲ್ಲಿ ಓಕಾನರ್ ಮತ್ತು ಗಿಲ್ರಾಯ್‌ನ ಸೇಂಟ್ ಲೂಯಿಸ್ ಆಸ್ಪತ್ರೆಗಳನ್ನು ಕೊಂಡುಕೊಂಡಿತು. 2025ರಲ್ಲಿ ಪೂರ್ವ ಸ್ಯಾನ್ ಹೋಸೆಯ ರೀಜನಲ್ ಮೆಡಿಕಲ್ ಸೆಂಟರ್ ಕೂಡ ಕೌಂಟಿ ಕೈಗೆ ಬಂತು. ವ್ಯಾಲಿ ಮೆಡಿಕಲ್ ಸೆಂಟರ್ ಮೊದಲಿಂದ ಇದೆ. ಇಲ್ಲಿಗೆ ಬರುವ ರೋಗಿಗಳಲ್ಲಿ ಬಹಳ ಜನ ಮೆಡಿಕ್ಯಾಲ್‌ನವರು. ಜುಲೈ 4ರಂದು ಸಹಿಯಾದ ಕೇಂದ್ರ ಸರ್ಕಾರದ ಎಚ್‌ಆರ್ 1 ಕಾನೂನಿನಿಂದ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಜಾಸ್ತಿ ಹೋಗುತ್ತದೆ ಎಂದು ಕೌಂಟಿ ಲೆಕ್ಕ ಕೊಟ್ಟಿದೆ. ಮೆಷರ್ ಎ ತರುವುದು ಅದರ ಮೂರನೇ ಒಂದು ಭಾಗ ಅಷ್ಟೇ.

ಎಮರ್ಜೆನ್ಸಿ ವಾರ್ಡಿಗೆ ಬಂದವರಿಗೆ ನಿಮ್ಮ ಹತ್ತಿರ ವಿಮೆ ಇದೆಯಾ ಅಂತ ಕೇಳಿ ವಾಪಸ್ ಕಳಿಸಲು ಆಗುವುದಿಲ್ಲ. ಚಿಕಿತ್ಸೆ ಕೊಡಲೇಬೇಕು. ದುಡ್ಡು ಬರದಿದ್ದರೆ ಸಿಬ್ಬಂದಿ ಕಡಿಮೆಯಾಗುತ್ತಾರೆ, ಕಾಯುವ ಹೊತ್ತು ಉದ್ದವಾಗುತ್ತದೆ. ಒಳ್ಳೆ ವಿಮೆ ಇರುವ ನಾವೂ ಅದೇ ಸಾಲಿನಲ್ಲಿ ಕಾಯುತ್ತೇವೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಎದೆನೋವು ಬಂದಾಗ ಹತ್ತಿರದ ಆಸ್ಪತ್ರೆ ತೆರೆದಿರುವುದು ಎಷ್ಟು ಮುಖ್ಯ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ಕರಾವಳಿ ಕಡಲು, ಕುಪರ್ಟಿನೋ

ಮೇಡಂ, ನಿಮ್ಮ ಕೆಲಸದ ಬಗ್ಗೆ ಪೂರ್ತಿ ಗೌರವ ಇದೆ. ನಾನು ಆಸ್ಪತ್ರೆ ಬೇಡ ಅನ್ನುತ್ತಿಲ್ಲ. ಆ ದುಡ್ಡು ನಿಮ್ಮ ಆಸ್ಪತ್ರೆಗೇ ಹೋಗಬೇಕು ಅಂತ ಕಾನೂನಿನಲ್ಲಿ ಬರೆಯಿರಿ ಅನ್ನುತ್ತಿದ್ದೇನೆ. ಬರೆದರೆ ನಾನೂ ಹೌದು ಹಾಕುತ್ತಿದ್ದೆ.

ಬಿಳಿ ಕೋಟು, ಸ್ಯಾನ್ ಹೋಸೆ

ಬರೆದರೆ ಶೇ. 66.67 ಬೇಕು. ಶೇ. 60 ಜನ ಹೌದು ಅಂದರೂ ಸೋಲುತ್ತದೆ. ನೂರರಲ್ಲಿ 34 ಜನ ಉಳಿದ 66 ಜನರನ್ನು ತಡೆಯುವುದು ಯಾವ ನ್ಯಾಯ?

ಹಳೇ ಸೇತುವೆ, ಸ್ಯಾನ್ ಹೋಸೆ

ಇಲ್ಲಿ ಹೊಸದಾಗಿ ಬಂದವರಿಗೆ ನಮ್ಮ ಕೌಂಟಿಯದ್ದೇ ಕಥೆ ಗೊತ್ತಿರಲಿಕ್ಕಿಲ್ಲ. ಈ ಜಗಳದಲ್ಲಿ ಇಡೀ ರಾಜ್ಯಕ್ಕೆ ಪಾಠವಾದ ಕೇಸು ಇಲ್ಲಿಂದಲೇ ಹೋದದ್ದು.

1984ರಲ್ಲಿ ಒಂದು ಮೆಷರ್ ಎ ಇತ್ತು. ಅರ್ಧ ಸೆಂಟ್ ಸೇಲ್ಸ್ ಟ್ಯಾಕ್ಸ್, ಹೆದ್ದಾರಿಗಳಿಗೆ. ಈಗ ನೀವೆಲ್ಲ ಕುಪರ್ಟಿನೋದಿಂದ ಆಲ್ಮಡೆನ್ ಕಡೆಗೆ ಹೋಗುವ 85ನೇ ಹೆದ್ದಾರಿ ಆ ದುಡ್ಡಿನದ್ದು. 237, 101ರ ಕೆಲಸವೂ ಅದರಲ್ಲೇ ಆಯಿತು. ಅದರ ಅವಧಿ ಮುಗಿಯುವ ಮೊದಲೇ 1992ರಲ್ಲಿ ಇನ್ನೊಂದು ಮೆಷರ್ ಎ ತಂದರು. ಶೇ. 54 ಜನ ಹೌದು ಅಂದರು. ಆದರೆ 1986ರಲ್ಲಿ ಪ್ರಾಪ್ 62 ಎಂಬ ಕಾನೂನು ಬಂದಿತ್ತು. ಅದರ ಪ್ರಕಾರ ವಿಶೇಷ ತೆರಿಗೆಗೆ ಮೂರನೇ ಎರಡು ಬೇಕು. ಕೋರ್ಟಿಗೆ ಹೋಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಗಾರ್ಡಿನೋ ಕೇಸಿನಲ್ಲಿ ಆ ತೆರಿಗೆಯನ್ನು ರದ್ದು ಮಾಡಿತು.

ಮುಂದಿನ ವರ್ಷವೇ ಕೌಂಟಿ ಏನು ಮಾಡಿತು ಗೊತ್ತಾ? 1996ರ ನವೆಂಬರ್ ಬ್ಯಾಲೆಟ್‌ನಲ್ಲಿ ಎರಡು ಮೆಷರ್ ಇಟ್ಟಿತು. ಎ ಅಂದರೆ ಬರೀ ಸಲಹೆ: ಹೊಸ ದುಡ್ಡು ಬಂದರೆ ಈ ರಸ್ತೆ, ಈ ರೈಲಿಗೆ ಖರ್ಚು ಮಾಡಿ ಅಂತ ಒಂದು ಪಟ್ಟಿ. ಬಿ ಅಂದರೆ ಅರ್ಧ ಸೆಂಟ್ ಸಾಮಾನ್ಯ ತೆರಿಗೆ. ಬಿ ಅರ್ಧ ದಾಟಿತು, ಪಾಸಾಯಿತು. ಮತ್ತೆ ಕೋರ್ಟು. 1998ರಲ್ಲಿ ಮೇಲ್ಮನವಿ ಕೋರ್ಟ್ ಇದು ಸರಿ ಅಂತ ಹೇಳಿತು. ಪಟ್ಟಿಗೆ ಕಾನೂನಿನ ಬಲ ಇಲ್ಲ, ಆದ್ದರಿಂದ ತೆರಿಗೆ ಸಾಮಾನ್ಯವೇ ಅಂತ.

ನಾನು ಆಗ ಇಲ್ಲೇ ಇದ್ದೆ. ಆ ಪಟ್ಟಿಯಲ್ಲಿದ್ದ ಕೆಲಸಗಳನ್ನು ಕೌಂಟಿ ಕೈಬಿಡಲಿಲ್ಲ. ಕಾನೂನು ಕಟ್ಟಿಹಾಕದಿದ್ದರೂ ಜನರ ಮುಂದೆ ಒಪ್ಪಿಕೊಂಡ ಮಾತಿಗೆ ಬೆಲೆ ಇತ್ತು. ಕರಾವಳಿ ಅವರು ಇದನ್ನೂ ಸ್ವಲ್ಪ ಯೋಚನೆ ಮಾಡಬೇಕು.

ಮಾವಿನಕಾಯಿ, ಫ್ರೀಮಾಂಟ್

ಎಲ್ಲದಕ್ಕೂ ಮೆಷರ್ ಎ ಅಂತಲೇ ಯಾಕೆ ಹೆಸರು? ಓದುತ್ತಾ ಓದುತ್ತಾ ಯಾವ ಎ ಅಂತ ತಲೆ ತಿರುಗುತ್ತಿದೆ.

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ಪ್ರತಿ ಚುನಾವಣೆಯಲ್ಲೂ ಅಕ್ಷರ ಹೊಸದಾಗಿ ಶುರುವಾಗಬಹುದು. ಅದಕ್ಕೇ ವರ್ಷ ಸೇರಿಸಿಯೇ ಹೇಳಬೇಕು. 2000ದಲ್ಲೂ ಒಂದು ಮೆಷರ್ ಎ ಇತ್ತು. ಬಾರ್ಟ್ ರೈಲನ್ನು ಸ್ಯಾನ್ ಹೋಸೆಗೆ ತರಲು ಅರ್ಧ ಸೆಂಟ್, 30 ವರ್ಷಕ್ಕೆ. ಅದು ಶೇ. 70 ದಾಟಿತು. ಬೀಗ ಹಾಕಿದ ತೆರಿಗೆ, ಮೂರನೇ ಎರಡೂ ದಾಟಿತು. ಒಳ್ಳೆ ಕೆಲಸ ಅನ್ನಿಸಿದರೆ ಜನ ಕೊಡುತ್ತಾರೆ.

ಹಳೇ ಸೇತುವೆ, ಸ್ಯಾನ್ ಹೋಸೆ

ಅದು ಸರಿ. ಆದರೆ 2008ರದ್ದು ನೆನಪಿದೆಯಾ? ಬಾರ್ಟ್ ಓಡಿಸುವ ಖರ್ಚಿಗೆ ಎಂಟನೇ ಒಂದು ಸೆಂಟ್, ಮೆಷರ್ ಬಿ. ಬೇಕಾಗಿದ್ದದ್ದು ಶೇ. 66.67. ಬಂದದ್ದು 66.78. ಸ್ವಲ್ಪ ಈಚೆ ಬಿದ್ದಿದ್ದರೆ 2020ರಲ್ಲಿ ಬೆರಿಯೆಸಾ ಸ್ಟೇಷನ್ ತೆರೆಯುತ್ತಿತ್ತಾ ಇಲ್ಲವಾ ಹೇಳಲಾಗದು. ಮೂರನೇ ಎರಡು ಅಂದರೆ ಹೀಗೆ ಕೂದಲೆಳೆಯ ಮೇಲೆ ನಡೆಯುವ ಲೆಕ್ಕ.

ಮಲೆನಾಡಿಗ, ಸಾಂತಾ ಕ್ಲಾರಾ

ನಾನು ಎಚ್‌1ಬಿ. ಮತ ಇಲ್ಲ. ಆದರೆ ಅಂಗಡಿಯಲ್ಲಿ ಕೊಡುವ ಸೇಲ್ಸ್ ಟ್ಯಾಕ್ಸ್ ನಿಮ್ಮಷ್ಟೇ. ನೀವೆಲ್ಲ ಅರ್ಧವಾ ಮೂರನೇ ಎರಡಾ ಅಂತ ಜಗಳ ಆಡುತ್ತಿದ್ದೀರಿ. ಈ ಲೆಕ್ಕದಲ್ಲಿ ನಾನು ಎಲ್ಲೂ ಇಲ್ಲ. ಗ್ರೀನ್ ಕಾರ್ಡ್ ಇರುವವರಿಗೂ ಮತ ಇಲ್ಲ. ಇಲ್ಲಿ ಓದುವ ಎಷ್ಟೋ ಜನ ಹೀಗೇ ಇದ್ದಾರೆ.

ತುಂಗಾತೀರ, ಸನಿವೇಲ್

ಇದು ನನಗೂ ಕಾಡಿದ ವಿಷಯ. ಸಿಟಿಜನ್‌ಶಿಪ್ ಬಂದ ಮೇಲೆ ನನಗೆ ಸಿಕ್ಕ ಬ್ಯಾಲೆಟ್ ಅನ್ನು ಸುಮ್ನೆ ಗೀಚಿ ಕಳಿಸಲು ಮನಸ್ಸು ಬರುವುದಿಲ್ಲ. ಅದಕ್ಕೇ ಇಲ್ಲಿ ಕೇಳಿದ್ದು.

ಕಾಫಿಪುಡಿ, ಮಿಲ್ಪಿಟಾಸ್

ಮಲೆನಾಡಿಗ, ನಿಮ್ಮ ಮೇಲೆ ಬೀಳುವುದು ಎಷ್ಟು ಅಂತ ನೋಡೋಣ. 1000 ಡಾಲರ್ ಸಾಮಾನು ಕೊಂಡರೆ 6 ಡಾಲರ್ 25 ಸೆಂಟ್ ಜಾಸ್ತಿ. ಅಕ್ಕಿ, ಬೇಳೆ, ಹಾಲು, ತರಕಾರಿಗೆ ಸೇಲ್ಸ್ ಟ್ಯಾಕ್ಸೇ ಇಲ್ಲ. ಡಾಕ್ಟರ್ ಬರೆದುಕೊಟ್ಟ ಔಷಧಿಗೂ ಇಲ್ಲ. ಕುಕ್ಕರ್, ಮಿಕ್ಸಿ, ಫೋನು, ಬಟ್ಟೆಗೆ ಇದೆ.

ಮಾವಿನಕಾಯಿ, ಫ್ರೀಮಾಂಟ್

ಹೋಟೆಲ್ ಮಸಾಲೆ ದೋಸೆಗೂ ಇದೆ!

ಕರಾವಳಿ ಕಡಲು, ಕುಪರ್ಟಿನೋ

ಕಾರಿಗೆ ಲೆಕ್ಕ ಹಾಕಿ ನೋಡಿ. 40,000 ಡಾಲರ್ ಕಾರಿಗೆ 250 ಡಾಲರ್ ಜಾಸ್ತಿ. ಪಕ್ಕದ ಕೌಂಟಿಯಲ್ಲಿ ಕೊಂಡರೂ ತಪ್ಪದು, ಕಾರು ರಿಜಿಸ್ಟರ್ ಆಗುವ ವಿಳಾಸದ ದರವೇ ಲೆಕ್ಕ. ಸ್ಯಾನ್ ಹೋಸೆಯಲ್ಲಿ ಈಗ, 2025ರಲ್ಲಿ, ಶೇ. 9.375 ಇದೆ. ಇದು ಪಾಸಾದರೆ 2026ರ ಏಪ್ರಿಲ್ 1ರಿಂದ ಸರಿಯಾಗಿ 10. ಇಲ್ಲಿ ಕುಪರ್ಟಿನೋ, ಸನಿವೇಲ್‌ನಲ್ಲಿ 9.125 ಇದ್ದದ್ದು 9.75. ಸೇಲ್ಸ್ ಟ್ಯಾಕ್ಸ್ ಬಡವರಿಗೆ ಜಾಸ್ತಿ ತಟ್ಟುತ್ತದೆ. ಮನೆ ಕ್ಲೀನ್ ಮಾಡಲು ಬರುವವರೂ, ದೊಡ್ಡ ಕಂಪನಿಯ ಡೈರೆಕ್ಟರೂ ಒಂದು ಟಿವಿಗೆ ಕೊಡುವ ತೆರಿಗೆ ಒಂದೇ. ಬಡವರ ಆಸ್ಪತ್ರೆಗೆ ಬಡವರಿಂದಲೇ ಜಾಸ್ತಿ ಕೀಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಬಿಳಿ ಕೋಟು, ಸ್ಯಾನ್ ಹೋಸೆ

ಈ ಮಾತಿನಲ್ಲಿ ಸತ್ಯ ಇದೆ. ಆದರೆ ಕೌಂಟಿಗೆ ಬೇರೆ ದಾರಿ ಎಲ್ಲಿದೆ? ಆದಾಯ ತೆರಿಗೆ ಹಾಕುವ ಅಧಿಕಾರ ಕೌಂಟಿಗೆ ಇಲ್ಲ. ಮನೆ ತೆರಿಗೆಯನ್ನು ಪ್ರಾಪ್ 13 ಕಟ್ಟಿಹಾಕಿದೆ. ಉಳಿದದ್ದರಲ್ಲಿ ದೊಡ್ಡದು ಸೇಲ್ಸ್ ಟ್ಯಾಕ್ಸೇ. ಒಂದು ಬಾಗಿಲು ಮುಚ್ಚಿದರೆ ಎಲ್ಲರೂ ಇನ್ನೊಂದು ಬಾಗಿಲಿಗೇ ಹೋಗುತ್ತಾರೆ.

ಗಂಧದ ಮರ, ಲಾಸ್ ಗ್ಯಾಟೋಸ್

ಪ್ರಾಪ್ 13 ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಪಕ್ಕದ ಮನೆಯವರು ಎಪ್ಪತ್ತರ ದಶಕದಿಂದ ಅಲ್ಲೇ ಇದ್ದಾರೆ. ಅವರ ಮನೆ ನಮ್ಮದಕ್ಕಿಂತ ದೊಡ್ಡದು. ನಮ್ಮ ಮನೆ ತೆರಿಗೆ ಅವರದ್ದರ ಎಷ್ಟೋ ಪಟ್ಟು. ನಾವು ಕೊಂಡದ್ದು ಇತ್ತೀಚೆಗೆ, ಅಷ್ಟೇ ಕಾರಣ. ಇಲ್ಲಿರುವ ಕನ್ನಡಿಗರಲ್ಲಿ ಮನೆ ಕೊಂಡವರು ಹೆಚ್ಚಿನವರು ನಮ್ಮ ಥರದವರೇ. ಮನೆ ತೆರಿಗೆಯನ್ನೂ ಪೂರ್ತಿ ಕೊಟ್ಟು, ಸೇಲ್ಸ್ ಟ್ಯಾಕ್ಸನ್ನೂ ಕೊಡುತ್ತಿದ್ದೇವೆ.

ಹಳೇ ಸೇತುವೆ, ಸ್ಯಾನ್ ಹೋಸೆ

ಆ ಪಕ್ಕದ ಮನೆಯವರ ಕಡೆಯಿಂದಲೂ ನೋಡಬೇಕು. ಎಪ್ಪತ್ತರ ದಶಕದಲ್ಲಿ ಮನೆ ಬೆಲೆ ಏರಿದ ಹಾಗೆ ತೆರಿಗೆಯೂ ಏರುತ್ತಿತ್ತು. ಪಿಂಚಣಿ ಮೇಲೆ ಬದುಕುವವರಿಗೆ ಸ್ವಂತ ಮನೆಯಲ್ಲೇ ಇರುವುದು ಕಷ್ಟವಾಗಿತ್ತು. ಜನ ಸುಮ್ನೆ ದಂಗೆ ಎದ್ದದ್ದಲ್ಲ.

ಸಿಯಾಟಲ್ ಮಳೆ, ರೆಡ್ಮಂಡ್

ನಮ್ಮ ವಾಷಿಂಗ್ಟನ್ ರಾಜ್ಯದ ವಿಷಯ ಹೇಳುತ್ತೇನೆ. ಇಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಆದ್ದರಿಂದ ಸೇಲ್ಸ್ ಟ್ಯಾಕ್ಸೇ ಬೆನ್ನೆಲುಬು. ಸಿಯಾಟಲ್ ಕಡೆ ಶೇ. 10 ದಾಟಿ ಎಷ್ಟೋ ಕಾಲವಾಯಿತು. ಶಾಸನಸಭೆಯಲ್ಲಿ ತೆರಿಗೆ ಏರಿಸಲು ಮೂರನೇ ಎರಡರಷ್ಟು ಮತ ಬೇಕು ಅಂತ ಇಲ್ಲೂ ಜನ ಮತ್ತೆ ಮತ್ತೆ ಮತ ಹಾಕಿದರು. ಆದರೆ 2013ರಲ್ಲಿ ನಮ್ಮ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮಸೂದೆ ಪಾಸಾಗಲು ಬಹುಮತ ಸಾಕು ಅಂತ ಸಂವಿಧಾನದಲ್ಲಿದೆ. ಅದನ್ನು ಬದಲಿಸಬೇಕಾದರೆ ಸಂವಿಧಾನವನ್ನೇ ತಿದ್ದಿ, ಸಾಮಾನ್ಯ ಕಾನೂನಿನಿಂದ ಆಗದು ಅಂದರು. ನಿಮ್ಮಲ್ಲಿ ಪ್ರಾಪ್ 13 ಸಂವಿಧಾನದ ಒಳಗೇ ಕೂತಿದೆ. ಅದಕ್ಕೇ ಅಲುಗಾಡಿಸಲು ಆಗುತ್ತಿಲ್ಲ.

ಒಕ್ಲಹೋಮಾದಲ್ಲಿ ಇನ್ನೂ ಬಿಗಿ. 1992ರಿಂದ ಅಲ್ಲಿ ಎರಡೂ ಸದನಗಳಲ್ಲಿ ನಾಲ್ಕನೇ ಮೂರರಷ್ಟು ಮತ ಬೇಕು, ಇಲ್ಲವಾದರೆ ಜನರ ಮುಂದೆ ಹೋಗಬೇಕು. 2018ರಲ್ಲಿ ಮೇಷ್ಟ್ರುಗಳ ಸಂಬಳಕ್ಕೆ ತೆರಿಗೆ ಏರಿಸಿದಾಗಲೇ ಮೊದಲ ಸಲ ಆ ಗೆರೆ ದಾಟಿದ್ದು.

ಕರಾವಳಿ ಕಡಲು, ಕುಪರ್ಟಿನೋ

ಬೇಕಾದ ಕೆಲಸವಾದರೆ ನಾಲ್ಕನೇ ಮೂರೂ ಸಿಗುತ್ತದೆ ಅಂತ ಆಯಿತಲ್ಲ!

ಸಿಯಾಟಲ್ ಮಳೆ, ರೆಡ್ಮಂಡ್

ಅಷ್ಟು ವರ್ಷ ಮೇಷ್ಟ್ರುಗಳು ಕಡಿಮೆ ಸಂಬಳಕ್ಕೆ ದುಡಿದ ಮೇಲೆ, ಅವರು ಮುಷ್ಕರದ ದಿನ ಗೊತ್ತುಮಾಡಿದ ಮೇಲೆ ಸಿಕ್ಕಿತು. ಅದನ್ನೂ ಸೇರಿಸಿ ಹೇಳಿ.

ಅಡಿಕೆ ತೋಟ, ಶಿರಸಿ

ಊರಿಂದ ಓದುತ್ತಿದ್ದೇನೆ. ತಂಗಿ ನಿಮ್ಮ ಕಡೆ ಇದ್ದಾಳೆ, ಅವಳು ಲಿಂಕ್ ಕಳಿಸಿದಳು. ನಿಮ್ಮ ಜಗಳ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಇಲ್ಲಿ ನಮ್ಮನ್ನು ಯಾರು ಕೇಳುತ್ತಾರೆ?

2024ರ ಜೂನ್ ಮಧ್ಯದಲ್ಲಿ ನಮ್ಮ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ಮೇಲೆ 14.34 ಇದ್ದದ್ದು 18.44. ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಮತ್ತೆ ಏರಿ 21.17 ಆಯಿತು. ಇದಕ್ಕೆ ಒಂದು ಅಧಿಸೂಚನೆ ಸಾಕಾಯಿತು. ಜನರ ಮತವಂತೂ ಇಲ್ಲವೇ ಇಲ್ಲ. ಯಾವ ಪಕ್ಷ ಬಂದರೂ ಇದೇ ಪದ್ಧತಿ. ತೋಟದಿಂದ ಅಡಿಕೆ ಸಾಗಿಸುವ ಗಾಡಿಯ ಬಾಡಿಗೆ ಏರಿದಾಗ ನಮಗೆ ಗೊತ್ತಾಗುತ್ತದೆ.

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಹೊರಗೆ ಇರುವುದರಿಂದ ರಾಜ್ಯದ ಕೈಯಲ್ಲಿ ಉಳಿದಿದೆ. ಉಳಿದದ್ದಕ್ಕೆ ಅಲ್ಲೂ ಒಂದು ಮತದ ನಿಯಮ ಇದೆ, ಆಸಕ್ತಿ ಇರುವವರಿಗೆ ಹೇಳುತ್ತೇನೆ. ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಒಂದು ತೀರ್ಮಾನ ಪಾಸಾಗಲು ನಾಲ್ಕನೇ ಮೂರರಷ್ಟು ತೂಕದ ಮತ ಬೇಕು. ಕೇಂದ್ರದ ತೂಕ ಮೂರನೇ ಒಂದು, ಎಲ್ಲ ರಾಜ್ಯಗಳೂ ಸೇರಿ ಮೂರನೇ ಎರಡು. ಅಂದರೆ ಕೇಂದ್ರ ಬೇಡ ಅಂದರೆ ರಾಜ್ಯಗಳೆಲ್ಲ ಒಂದಾದರೂ ಆಗದು. ಸಾಮಾನ್ಯವಾಗಿ ಒಮ್ಮತದಿಂದಲೇ ಮುಗಿಸುತ್ತಾರೆ. ಮೊದಲ ಸಲ ಮತಕ್ಕೆ ಹಾಕಿದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ಮೇಲೆ ಶೇ. 28 ತೆರಿಗೆ ವಿಷಯಕ್ಕೆ.

ಅಡಿಕೆ ತೋಟ, ಶಿರಸಿ

ಅಲ್ಲೂ ಮತ ಹಾಕುವವರು ಮಂತ್ರಿಗಳು. ನಾವಲ್ಲ.

ಗಂಧದ ಮರ, ಲಾಸ್ ಗ್ಯಾಟೋಸ್

ಆದರೆ ಅಣ್ಣ, ಪ್ರತಿಯೊಂದಕ್ಕೂ ಜಾಸ್ತಿ ಮತ ಬೇಕು ಅಂದರೆ ಏನಾಗುತ್ತದೆ ಅಂತ ಕ್ಯಾಲಿಫೋರ್ನಿಯಾ ನೋಡಿದೆ. ರಾಜ್ಯ ಬಜೆಟ್ ಪಾಸಾಗಲೂ ಶಾಸನಸಭೆಯಲ್ಲಿ ಮೂರನೇ ಎರಡು ಬೇಕಿತ್ತು. 2009ರ ಜುಲೈನಲ್ಲಿ ಬಜೆಟ್ ಆಗದೆ ಸರ್ಕಾರ ದುಡ್ಡಿನ ಬದಲು ಸಾಲದ ಚೀಟಿ ಬರೆದುಕೊಟ್ಟಿತು. ತೆರಿಗೆ ರೀಫಂಡ್‌ಗೂ ಚೀಟಿ, ಗುತ್ತಿಗೆದಾರರಿಗೂ ಚೀಟಿ. ಕೊನೆಗೆ 2010ರಲ್ಲಿ ಪ್ರಾಪ್ 25 ತಂದು ಬಜೆಟ್‌ಗೆ ಬರೀ ಬಹುಮತ ಸಾಕು ಅಂತ ಮಾಡಿದರು. ತೆರಿಗೆಗೆ ಮಾತ್ರ ಮೂರನೇ ಎರಡು ಹಾಗೇ ಉಳಿಯಿತು.

ನಿರ್ವಾಹಕರು

ಚರ್ಚೆ ಚೆನ್ನಾಗಿ ಸಾಗಿದೆ. ಅಸೆಸರ್ ಅಭ್ಯರ್ಥಿಗಳ ಪರ ಪ್ರಚಾರದ ಒಂದು ಪೋಸ್ಟ್ ತೆಗೆದಿದ್ದೇವೆ. ಮೆಷರ್ ಎ ಬಗ್ಗೆ ಮುಂದುವರಿಸಿ.

ತುಂಗಾತೀರ, ಸನಿವೇಲ್

ಬೋರ್ಡ್ ವಿಷಯಕ್ಕೆ ವಾಪಸ್ ಬರುತ್ತೇನೆ. ಇವರು ಮುಂದಿನ ವರ್ಷದ ದೊಡ್ಡ ಚುನಾವಣೆವರೆಗೆ ಯಾಕೆ ಕಾಯಲಿಲ್ಲ? ಈ ವರ್ಷ ಸೂಪರ್‌ವೈಸರ್ ಚುನಾವಣೆಯೇ ಇಲ್ಲ. ಕಡಿಮೆ ಜನ ಮತ ಹಾಕುವ ವರ್ಷದಲ್ಲಿ ತೆರಿಗೆ ತರುವುದು ಸರಿಯಾ?

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ಇದಕ್ಕೂ ನಿಯಮ ಇದೆ, ಮತ್ತು ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಇದೇ ಮುಖ್ಯ.

1996ರ ನವೆಂಬರ್‌ನಲ್ಲಿ ಪ್ರಾಪ್ 218 ಪಾಸಾಯಿತು. ತೆರಿಗೆಗಳ ಮೇಲೆ ಮತದ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿತು. ಸಾಮಾನ್ಯ ತೆರಿಗೆಯನ್ನು ಆ ಬೋರ್ಡಿನ ಸದಸ್ಯರ ಚುನಾವಣೆಯ ಜೊತೆಗೇ ಮತಕ್ಕೆ ಹಾಕಬೇಕು ಅಂತ ಅದರಲ್ಲಿದೆ. ತೆರಿಗೆ ಕೇಳುವವರು ಅದೇ ದಿನ ತಮ್ಮ ಕುರ್ಚಿಗೂ ಮತ ಕೇಳಲಿ ಅನ್ನುವುದು ಉದ್ದೇಶ. ಬೇರೆ ದಿನ ಹಾಕಬೇಕಾದರೆ ತುರ್ತು ಪರಿಸ್ಥಿತಿ ಅಂತ ಘೋಷಿಸಬೇಕು, ಅದಕ್ಕೆ ಬೋರ್ಡ್ ಪೂರ್ತಿ ಒಮ್ಮತದಿಂದ ಒಪ್ಪಬೇಕು. ಒಬ್ಬರು ಬೇಡ ಅಂದರೂ ಆಗದು.

ಹಾಗಾಗಿ ಮೆಷರ್ ಎ ಈ ನವೆಂಬರ್‌ನಲ್ಲಿ ಬರಲು 5 ಸೂಪರ್‌ವೈಸರ್‌ಗಳೂ ಒಪ್ಪಬೇಕಾಯಿತು. ಮುಂದಿನ ವರ್ಷಕ್ಕೆ ಬಿಟ್ಟಿದ್ದರೆ 4 ಮತ ಸಾಕಿತ್ತು. ಅವರು ಜಾಸ್ತಿ ಕಷ್ಟದ ದಾರಿಯನ್ನೇ ಹಿಡಿದಿದ್ದಾರೆ.

ಕರಾವಳಿ ಕಡಲು, ಕುಪರ್ಟಿನೋ

ಐವರೂ ಒಪ್ಪಿದರು ಅಂದ ಮಾತ್ರಕ್ಕೆ ಸರಿ ಅಂತ ಆಗುವುದಿಲ್ಲ. ಐವರಲ್ಲಿ ಒಬ್ಬರೂ ಪ್ರಶ್ನೆ ಮಾಡುವವರಿಲ್ಲ ಅನ್ನುವುದೇ ನನ್ನ ಚಿಂತೆ.

ಬಿಳಿ ಕೋಟು, ಸ್ಯಾನ್ ಹೋಸೆ

ಅದನ್ನು ಪ್ರಶ್ನೆ ಮಾಡಲೆಂದೇ ಬ್ಯಾಲೆಟ್ ನಿಮ್ಮ ಕೈಗೆ ಬಂದಿರುವುದು. ಐವರ ಮೇಲೆ ಲಕ್ಷಾಂತರ ಮತದಾರರು ಇದ್ದಾರೆ. ಮತ್ತೆ ಕಡಿತ ಮುಂದಿನ ವರ್ಷದ ನವೆಂಬರ್‌ಗೆ ಕಾಯುವುದಿಲ್ಲ. ಆಗ ಪಾಸಾದ ತೆರಿಗೆ ಕೈಗೆ ಬರುವುದು 2027ಕ್ಕೆ. ಅಷ್ಟರಲ್ಲಿ ವಾರ್ಡ್ ಮುಚ್ಚಿದರೆ, ಅನುಭವ ಇರುವ ನರ್ಸ್‌ಗಳು ಬೇರೆ ಕಡೆ ಹೋದರೆ, ಮತ್ತೆ ಕಟ್ಟಲು ಎಷ್ಟು ಕಾಲ ಬೇಕು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಮಾವಿನಕಾಯಿ, ಫ್ರೀಮಾಂಟ್

ಇನ್ನೊಂದು ದಾರಿ ಇದೆ ಅಂತ ಕೇಳಿದ್ದೆ. ಜನರೇ ಸಹಿ ಸಂಗ್ರಹಿಸಿ ತಂದರೆ ಬೀಗ ಹಾಕಿದ ತೆರಿಗೆಗೂ ಅರ್ಧ ಸಾಕಂತೆ. ನಿಜವಾ?

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ನಿಜ. 2017ರ ಆಗಸ್ಟ್‌ನಲ್ಲಿ ಅಪ್‌ಲ್ಯಾಂಡ್ ಎಂಬ ಊರಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಪ್ರಾಪ್ 218ರ ಚುನಾವಣೆ ದಿನದ ನಿಯಮ ಕೌನ್ಸಿಲ್, ಬೋರ್ಡ್ ಹಾಕುವ ತೆರಿಗೆಗೆ ಮಾತ್ರ, ನಾಗರಿಕರು ಸಹಿ ಹಾಕಿ ತಂದದ್ದಕ್ಕೆ ಅಲ್ಲ ಅಂತ. ಅದೇ ತರ್ಕದಲ್ಲಿ ಮೂರನೇ ಎರಡೂ ಬೇಡ ಅಂತ ಕೆಳಗಿನ ಕೋರ್ಟುಗಳು ಒಪ್ಪುತ್ತಾ ಬಂದವು.

ಫ್ರೆಸ್ನೋದಲ್ಲಿ 2018ರಲ್ಲಿ ಪಾರ್ಕುಗಳಿಗೆ ಅಂತ ಮೆಷರ್ ಪಿ, ಎಂಟನೇ ಮೂರರಷ್ಟು ಸೆಂಟ್ ಸೇಲ್ಸ್ ಟ್ಯಾಕ್ಸ್. ಶೇ. 52 ಬಂತು. ನಗರಾಡಳಿತದವರು ಸೋತಿತು ಅಂದರು. 2020ರ ಕೊನೆಗೆ ಮೇಲ್ಮನವಿ ಕೋರ್ಟ್ ಗೆದ್ದಿದೆ ಅಂದಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2024ರಲ್ಲಿ ಮನೆಯಿಲ್ಲದವರಿಗಾಗಿ ಅರ್ಧ ಸೆಂಟ್ ಪಾಸಾದದ್ದೂ ಇದೇ ದಾರಿಯಲ್ಲಿ.

ಕರಾವಳಿ ಕಡಲು, ಕುಪರ್ಟಿನೋ

ಹಾಗಾದರೆ ನಮ್ಮ ಕೌಂಟಿ ಆಸ್ಪತ್ರೆ ಪರ ಇರುವವರು ಸಹಿ ಸಂಗ್ರಹಿಸಿ, ದುಡ್ಡು ಆಸ್ಪತ್ರೆಗೇ ಅಂತ ಬರೆದು ತರಬಹುದಿತ್ತು. ಬೀಗವೂ ಇರುತ್ತಿತ್ತು, ಅರ್ಧ ಮತವೂ ಸಾಕಾಗುತ್ತಿತ್ತು. ಯಾಕೆ ಮಾಡಲಿಲ್ಲ?

ಬಿಳಿ ಕೋಟು, ಸ್ಯಾನ್ ಹೋಸೆ

ಜುಲೈ 4ಕ್ಕೆ ಕಾನೂನು ಸಹಿಯಾಯಿತು. ನವೆಂಬರ್ ಬ್ಯಾಲೆಟ್‌ಗೆ ವಿಷಯ ಕೊಡುವ ಗಡುವು ಆಗಸ್ಟ್ ತಿಂಗಳಲ್ಲೇ ಇತ್ತು. ಅಷ್ಟರಲ್ಲಿ ಕರಡು ಬರೆದು, ಸಾವಿರಾರು ಸಹಿ ತಂದು, ಅದನ್ನು ಪರಿಶೀಲಿಸಿ ಮುಗಿಸಲು ಸಮಯ ಎಲ್ಲಿತ್ತು?

ಕರಾವಳಿ ಕಡಲು, ಕುಪರ್ಟಿನೋ

ಇದು ಒಪ್ಪಬಹುದಾದ ಉತ್ತರ. ಆದರೂ 5 ವರ್ಷದ ತೆರಿಗೆ. ಮಧ್ಯದಲ್ಲಿ ಬೀಗ ಹಾಕಲು ದಾರಿ ಇರಬೇಕಿತ್ತು.

ಹಳೇ ಸೇತುವೆ, ಸ್ಯಾನ್ ಹೋಸೆ

ಮುಂದಿನ ವರ್ಷ ಈ ಸಹಿ ದಾರಿಯೇ ಮತ್ತೆ ಬರುತ್ತದೆ, ತಯಾರಾಗಿ. ಎಸ್‌ಬಿ 63 ಎಂಬ ಮಸೂದೆಗೆ ಗವರ್ನರ್ ಈಗಷ್ಟೇ ಸಹಿ ಹಾಕಿದ್ದಾರೆ. ಬಾರ್ಟ್, ಕ್ಯಾಲ್‌ಟ್ರೇನ್, ಬಸ್ಸುಗಳನ್ನು ಉಳಿಸಲು 2026ರ ನವೆಂಬರ್‌ನಲ್ಲಿ ಅರ್ಧ ಸೆಂಟ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸೆಂಟ್. 14 ವರ್ಷಕ್ಕೆ. ಅಲಮೀಡಾ, ಕಾಂಟ್ರಾ ಕೋಸ್ಟಾ, ಸ್ಯಾನ್ ಮಟೇಯೋ ಜೊತೆ ನಮ್ಮ ಕೌಂಟಿಯೂ ಇದೆ. ಬೋರ್ಡ್ ಕಡೆಯಿಂದ ಬಂದರೆ ಮೂರನೇ ಎರಡು, ಸಹಿ ಕಡೆಯಿಂದ ಬಂದರೆ ಅರ್ಧ. ರೈಲು ಓಡುತ್ತದೆಯಾ ನಿಲ್ಲುತ್ತದೆಯಾ ಅನ್ನುವುದು ಆ ಕಾಗದ ಯಾರ ಕೈಯಿಂದ ಬಂತು ಅನ್ನುವುದರ ಮೇಲೆ ನಿಂತಿದೆ.

ಮಲೆನಾಡಿಗ, ಸಾಂತಾ ಕ್ಲಾರಾ

ಅಂದರೆ ಎರಡೂ ಪಾಸಾದರೆ ಒಟ್ಟು ಶೇ. 1.125 ಏರಿಕೆ. ಬಾಡಿಗೆ ಮನೆಯವರಿಗೆ ಇದು ಸಣ್ಣದಲ್ಲ. ಆದರೆ ನಾನು ದಿನಾ ಕ್ಯಾಲ್‌ಟ್ರೇನ್‌ನಲ್ಲಿ ಓಡಾಡುವವನು. ಮತ ಇದ್ದಿದ್ದರೆ ಎರಡಕ್ಕೂ ಹೌದು ಹಾಕುತ್ತಿದ್ದೆ.

ತುಂಗಾತೀರ, ಸನಿವೇಲ್

ಎಲ್ಲರಿಗೂ ಧನ್ಯವಾದ. ನಾನು ಹೌದು ಹಾಕುವುದು ಅಂತ ತೀರ್ಮಾನ ಮಾಡಿದೆ. 85ನೇ ಹೆದ್ದಾರಿಯ ಕಥೆ ಮತ್ತು ಐವರ ಒಮ್ಮತದ ನಿಯಮ ಎರಡೂ ನನಗೆ ಗೊತ್ತಿರಲಿಲ್ಲ. ಬೀಗ ಇಲ್ಲ ಅನ್ನುವ ಕರಾವಳಿ ಅವರ ಮಾತು ಸುಳ್ಳಲ್ಲ. ಪಾಸಾದರೆ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ನೋಡುವುದು ಹೇಗೆ?

ಲೆಕ್ಕದ ಪುಸ್ತಕ, ಸ್ಯಾನ್ ಹೋಸೆ

ಕೌಂಟಿ ಬಜೆಟ್ ವರ್ಷ ಜುಲೈ 1ಕ್ಕೆ ಶುರು. ಅದಕ್ಕೆ ಮೊದಲು ಜೂನ್‌ನಲ್ಲಿ ಬಜೆಟ್ ಸಭೆಗಳು ನಡೆಯುತ್ತವೆ, ಎಲ್ಲರಿಗೂ ತೆರೆದಿರುತ್ತವೆ. ಯಾರು ಬೇಕಾದರೂ ಎದ್ದು ಮಾತನಾಡಬಹುದು. ಸಿಟಿಜನ್ ಆಗಿರಬೇಕು ಅಂತಲೂ ಇಲ್ಲ. ಮಲೆನಾಡಿಗ ಅವರೇ, ಕೇಳಿಸಿತಾ?

ಮಲೆನಾಡಿಗ, ಸಾಂತಾ ಕ್ಲಾರಾ

ಕೇಳಿಸಿತು ಸರ್. ತಾರೀಕು ಗೊತ್ತಾದಾಗ ಇಲ್ಲೇ ಹಾಕಿ. ರಜೆ ಹಾಕಿ ಬರುತ್ತೇನೆ.

ಕರಾವಳಿ ಕಡಲು, ಕುಪರ್ಟಿನೋ

ನಾನು ಇಲ್ಲ ಅಂತಲೇ ಹಾಕುತ್ತೇನೆ. ಆದರೆ ಜೂನ್ ಸಭೆಗೆ ನಾನೂ ಬರುತ್ತೇನೆ. ಬಿಳಿ ಕೋಟು ಮೇಡಂ, ಹೊಸ ದುಡ್ಡಿನಲ್ಲಿ ಆಸ್ಪತ್ರೆಗೆ ಎಷ್ಟು ಬಂತು ಅಂತ ಬೋರ್ಡಿಗೆ ಕೇಳಬೇಕಾದ ಪ್ರಶ್ನೆಗಳನ್ನು ನೀವು ಬರೆದುಕೊಡಿ. ಒಳಗಿನ ವಿಷಯ ನಿಮಗೆ ಗೊತ್ತು. ಕೇಳುವುದನ್ನು ನಾನು ಕೇಳುತ್ತೇನೆ.

ಬಿಳಿ ಕೋಟು, ಸ್ಯಾನ್ ಹೋಸೆ

ಬರೆದುಕೊಡುತ್ತೇನೆ. ಮೊದಲ ಪ್ರಶ್ನೆ ಈಗಲೇ ಇಟ್ಟುಕೊಳ್ಳಿ: ಖಾಲಿ ಇರುವ ನರ್ಸ್ ಹುದ್ದೆಗಳಲ್ಲಿ ಎಷ್ಟು ತುಂಬಿದ್ದೀರಿ?